ಹುಣಸೆ ಮರ ಹೇಳುವ ಇತಿಹಾಸ

ಇತಿಹಾಸ ಎಂದೊಡನೆ ನಮಗೆ ನೆನಪಾಗುವುದು ಕೋಟೆ, ಶಾಸನ, ರಾಜವಂಶ, ಯುದ್ಧ ನಡೆದ ಇಸವಿ. ಕೊಪ್ಪಳ ಸೀಮೆಯಲ್ಲಿ ಇವು ಯಾವುದಕ್ಕೂ ಕೊರತೆಯಿಲ್ಲ. ಕೊಪ್ಪಳ ಪಟ್ಟಣದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಬ್ಬಿಣ ಯುಗದ ಜನ ಕಲ್ಲುಚಪ್ಪಡಿಗಳಿಂದ ಕಟ್ಟಿದ ನೂರಾರು ಶಿಲಾಸಮಾಧಿಗಳು ನಿಂತಿವೆ. ಇಟಗಿಯಲ್ಲಿ ಕ್ರಿ.ಶ. 1112ರ ಮಹಾದೇವ ದೇವಾಲಯವಿದೆ. ತುಂಗಭದ್ರೆಯ ದಡದಲ್ಲಿ ಆನೆಗೊಂದಿಯಿದೆ.

ಇವುಗಳನ್ನು ನೋಡಲು ಹೊರಟವರು ಬಿಸಿಲಿನಲ್ಲಿ ದಣಿದು ನಿಲ್ಲುವುದು ಎಲ್ಲಿ? ಬಹುಮಟ್ಟಿಗೆ ಒಂದು ಹುಣಸೆ ಮರದ ಕೆಳಗೆ. ಈ ಕಡೆಯ ಜನ ಅದನ್ನು ‘ಹುಂಚಿ ಗಿಡ’ ಎನ್ನುತ್ತಾರೆ. ಶಾಲೆಯಲ್ಲಿ ಅದರ ಬರಲಿನ ರುಚಿ ಕಂಡ ಹಿರಿಯರು ಮನೆಗೊಬ್ಬರಾದರೂ ಇದ್ದಾರೆ. ಅದರ ಹಣ್ಣಿನ ರುಚಿ ಕಾಣದವರು ಒಬ್ಬರೂ ಇಲ್ಲ. ಇಷ್ಟು ಪರಿಚಿತವಾದ ಮರಕ್ಕೂ ಒಂದು ಇತಿಹಾಸ ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ಆದರೆ ಹುಣಸೆಯ ಇತಿಹಾಸ ಹಲವು ಖಂಡಗಳಿಗೆ ಹರಡಿದೆ, ಸಾವಿರಾರು ವರ್ಷ ಹಿಂದಕ್ಕೆ ಹೋಗುತ್ತದೆ. ಅದನ್ನು ಈಗ ಪರಿಶೀಲಿಸೋಣ.

ಕುಲ ಒಂದು, ಪ್ರಭೇದವೂ ಒಂದೇ

ಮೊದಲಿಗೆ ಮರದ ಪರಿಚಯ ಮಾಡಿಕೊಳ್ಳೋಣ. ಹುಣಸೆ ಬಟಾಣಿಯ ಕುಟುಂಬಕ್ಕೆ, ಎಂದರೆ ಫೇಬೇಸೀ ಕುಟುಂಬಕ್ಕೆ ಸೇರಿದೆ. ನಮ್ಮ ತೊಗರಿ, ಕಡಲೆ, ಹೆಸರು, ಹುರುಳಿ, ಶೇಂಗಾ ಎಲ್ಲವೂ ಇದೇ ಕುಟುಂಬದವು. ಮರಗಳಲ್ಲಿ ಹೊಂಗೆ, ಮುತ್ತುಗ, ಹೊನ್ನೆ, ಜಾಲಿ, ಬನ್ನಿ ಇದರ ಬಂಧುಗಳು. ಬೀಜಗಳನ್ನು ಒಂದು ಕೋಡಿನಲ್ಲಿ ಸಾಲಾಗಿ ಹೊರುವುದು ಈ ಕುಟುಂಬದ ಗುರುತು. ಸಸ್ಯವಿಜ್ಞಾನಿಗಳು ಹುಣಸೆಯನ್ನು ಬಹುಕಾಲ ಸಿಸಾಲ್ಪಿನಿಯಾಯ್ಡೀ ಎಂಬ ಉಪಕುಟುಂಬದಲ್ಲಿ ಇರಿಸಿದ್ದರು. 2017ರಲ್ಲಿ ಡಿ.ಎನ್.ಎ. ಆಧಾರದ ಮೇಲೆ ಈ ಕುಟುಂಬವನ್ನು ಆರು ಉಪಕುಟುಂಬಗಳಾಗಿ ಮರುವಿಂಗಡಿಸಿದಾಗ ಅದು ಡಿಟಾರಿಯಾಯ್ಡೀ ಎಂಬ ಗುಂಪಿಗೆ ಸೇರಿತು.

ಹುಣಸೆಯ ಕುಲಕ್ಕೆ ಟ್ಯಾಮರಿಂಡಸ್ ಎಂದು ಹೆಸರು. ವಿಶೇಷವೆಂದರೆ ಈ ಕುಲದಲ್ಲಿ ಇರುವುದು ಒಂದೇ ಒಂದು ಪ್ರಭೇದ. ಅದರ ಪೂರ್ಣ ಹೆಸರು ಟ್ಯಾಮರಿಂಡಸ್ ಇಂಡಿಕಾ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಹೆಸರನ್ನು ಕೊಟ್ಟನು. ಒಡಹುಟ್ಟಿದವರಿಲ್ಲದ ಮರ ಎಂದು ನಾವು ಇದನ್ನು ಕರೆಯಬಹುದು.

ಹುಣಸೆಯ ಹೂವನ್ನು ನಿಲ್ಲಿಸಿ ನೋಡುವವರು ಕಡಿಮೆ. ಬೇಸಿಗೆಯ ಕೊನೆಗೆ, ಮುಂಗಾರಿನ ಆರಂಭಕ್ಕೆ, ಎಲೆಗಳ ನಡುವೆ ಚಿಕ್ಕ ಗೊಂಚಲುಗಳಲ್ಲಿ ಅದು ಅರಳುತ್ತದೆ. ತಿಳಿಹಳದಿಯ ದಳಗಳ ಮೇಲೆ ಕೆಂಪು ಗೆರೆಗಳಿರುತ್ತವೆ. ಕಾಯಿ ನಿಧಾನವಾಗಿ ಬಲಿತು, ಮುಂದಿನ ವರ್ಷದ ಜನವರಿಯಿಂದ ಏಪ್ರಿಲ್ ವೇಳೆಗೆ ಹಣ್ಣಾಗುತ್ತದೆ. ಹಣ್ಣಿನ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲಿರುವುದೂ ಇದೇ ಆಮ್ಲ. ಸಾಧಾರಣವಾಗಿ ಹಣ್ಣು ಮಾಗಿದಂತೆ ಅದರ ಹುಳಿ ಇಳಿಯುತ್ತದೆ. ಹುಣಸೆಯಲ್ಲಿ ಮಾಗಿದ ಮೇಲೆಯೂ ಆಮ್ಲ ಹಾಗೆಯೇ ಉಳಿದು, ಅದರ ಜೊತೆಗೆ ಸಕ್ಕರೆಯ ಅಂಶ ಸೇರುತ್ತದೆ. ಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹೆಸರು ಹೇಳುವ ಕಥೆ

ಈಗ ಹೆಸರಿನ ವಿಷಯಕ್ಕೆ ಬರೋಣ. ಟ್ಯಾಮರಿಂಡಸ್ ಎಂಬುದು ಅರಬ್ಬೀ ಭಾಷೆಯ ‘ತಮರ್ ಹಿಂದೀ’ ಎಂಬ ಮಾತಿನಿಂದ ಬಂದಿದೆ. ತಮರ್ ಎಂದರೆ ಖರ್ಜೂರ. ತಮರ್ ಹಿಂದೀ ಎಂದರೆ ಹಿಂದುಸ್ಥಾನದ ಖರ್ಜೂರ. ಭಾರತದ ಬಂದರುಗಳಿಂದ ಹಡಗಿನಲ್ಲಿ ಬರುತ್ತಿದ್ದ ಕಂದು ಬಣ್ಣದ, ಅಂಟುವ, ಬೀಜ ಸಹಿತವಾದ ಹಣ್ಣಿನ ಉಂಡೆಗಳನ್ನು ಅರಬ್ ವರ್ತಕರು ಮತ್ತು ವೈದ್ಯರು ಕಂಡರು. ಮರವನ್ನು ಕಾಣದವರಿಗೆ ಅದು ತಮ್ಮ ನಾಡಿನ ಖರ್ಜೂರವನ್ನೇ ಹೋಲುವಂತೆ ಕಂಡಿರಬೇಕು. ಆದರೆ ಖರ್ಜೂರ ತಾಳೆಯ ಜಾತಿಯ ಮರ. ಹುಣಸೆಗೂ ಅದಕ್ಕೂ ಯಾವ ನಂಟೂ ಇಲ್ಲ. 1563ರಲ್ಲಿ ಗೋವೆಯಲ್ಲಿ ಮುದ್ರಣವಾದ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನ ಗ್ರಂಥದಲ್ಲಿ ಹುಣಸೆಯ ಚರ್ಚೆಯೇ ಒಂದು ಪ್ರತ್ಯೇಕ ಅಧ್ಯಾಯವಾಗಿದೆ. ಪರದೇಶಗಳಲ್ಲಿ ಹುಣಸೆ ಅಡಿಗೆಗಿಂತ ಹೆಚ್ಚಾಗಿ ಔಷಧಿಯೆಂದು, ಹೊಟ್ಟೆ ಸಡಿಲಿಸುವ ವಸ್ತುವೆಂದು ಹೆಸರಾಗಿತ್ತು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಸಂಚರಿಸಿದ ಮಾರ್ಕೊ ಪೋಲೊ ಗುಜರಾತಿನ ಕಡಲುಗಳ್ಳರ ಬಗ್ಗೆ ಒಂದು ವಿಚಿತ್ರ ಸಂಗತಿಯನ್ನು ಹೇಳುತ್ತಾನೆ. ಸೆರೆಸಿಕ್ಕ ವರ್ತಕರು ಮುತ್ತುರತ್ನಗಳನ್ನು ನುಂಗಿರಬಹುದೆಂದು ಅವರಿಗೆ ಸಮುದ್ರದ ನೀರಿನಲ್ಲಿ ಕಲಸಿದ ಹುಣಸೆಯನ್ನು ಕುಡಿಸುತ್ತಿದ್ದರಂತೆ!

ಹೀಗೆ ಕುಲದ ಹೆಸರಿನಲ್ಲಿ ‘ಹಿಂದ್’, ಪ್ರಭೇದದ ಹೆಸರಿನಲ್ಲಿ ‘ಇಂಡಿಕಾ’. ಎರಡು ಸಲ ಭಾರತದ ಮುದ್ರೆ ಬಿದ್ದ ಈ ಮರ ಭಾರತದ್ದೇ ಎಂದು ಯಾರಾದರೂ ಭಾವಿಸುವುದು ಸಹಜ. ಆದರೆ ಹೆಚ್ಚಿನ ಸಸ್ಯವಿಜ್ಞಾನಿಗಳ ಅಭಿಪ್ರಾಯದಂತೆ ಹುಣಸೆಯ ತವರು ಉಷ್ಣವಲಯದ ಆಫ್ರಿಕ. ಸುಡಾನಿನಿಂದ ಸೆನೆಗಲ್‌ವರೆಗಿನ ಬಯಲು ಕಾಡುಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ.

ಹಾಗಾದರೆ ಅದು ಇಲ್ಲಿಗೆ ಬಂದದ್ದು ಯಾವಾಗ? ಉತ್ತರ ಪ್ರದೇಶದ ಗೋರಖಪುರ ಜಿಲ್ಲೆಯ ನರಹನ್ ಎಂಬಲ್ಲಿ ನಡೆದ ಉತ್ಖನನದಲ್ಲಿ ಹುಣಸೆ ಮರದ ಇದ್ದಿಲು ದೊರಕಿದೆ. ಅದರ ಕಾಲ ಕ್ರಿ.ಪೂ. ಸುಮಾರು 1300 ಎಂದು ಗಣಿಸಲಾಗಿದೆ. ಎಂದರೆ ಬುದ್ಧನಿಗಿಂತ ಎಷ್ಟೋ ಶತಮಾನ ಮೊದಲೇ ಗಂಗಾ ಬಯಲಿನ ಒಲೆಯಲ್ಲಿ ಹುಣಸೆಯ ಕಟ್ಟಿಗೆ ಉರಿದಿತ್ತು.

ನಮ್ಮ ನಾಡಿನ ಮಟ್ಟಿಗೆ ಭಾಷೆಯೇ ಒಂದು ಸಾಕ್ಷಿ. ಹುಣಸೆಯ ಹಳಗನ್ನಡ ರೂಪ ‘ಪುಣಿಸೆ’. ಹುಳಿಯ ಹಳೆಯ ರೂಪ ‘ಪುಳಿ’. ತಮಿಳಿನಲ್ಲಿ ಪುಳಿ ಎಂದರೆ ಹುಳಿಯೂ ಹೌದು, ಹುಣಸೆಯೂ ಹೌದು. ಪಕಾರ ಹಕಾರವಾಗಿ ಪುಣಿಸೆ ಹುಣಿಸೆಯಾಯಿತು, ಹುಣಸೆಯಾಯಿತು. ಕೊಪ್ಪಳದ ಬಾಯಲ್ಲಿ ಹುಂಚಿಯಾಯಿತು. ಪರಸ್ಥಳದಿಂದ ಈಚೆಗೆ ಬಂದ ಗಿಡಗಳಿಗೆ ನಾವು ‘ಸೀಮೆ’, ‘ವಿಲಾಯಿತಿ’ ಎಂಬ ಪದಗಳನ್ನು ಅಂಟಿಸುತ್ತೇವೆ. ಹುಣಸೆಗೆ ಅಂಥ ಬಾಲವಿಲ್ಲ. ತನ್ನ ಬೇರಿನ ಪದದಿಂದಲೇ ಭಾಷೆ ಅದಕ್ಕೆ ಹೆಸರು ಕೊಟ್ಟಿದೆ. ಇದೊಂದರಿಂದಲೇ ಕಾಲ ನಿರ್ಣಯ ಮಾಡಲಾಗದು. ಆದರೂ ಅದು ಹೊರಗಿನಿಂದ ಬಂದದ್ದೆಂಬ ನೆನಪು ಅಳಿದುಹೋಗುವಷ್ಟು ಹಿಂದೆಯೇ ಈ ಮರ ನಮ್ಮದಾಗಿತ್ತು ಎಂದು ಊಹಿಸಬಹುದು.

ಇದಕ್ಕೆ ಇನ್ನೊಂದು ಆಧಾರವಿದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಾರೀ ಕಾಂಡದ ಮೂರು ಮರಗಳಿವೆ. ಜನ ಅವನ್ನು ‘ದೊಡ್ಡ ಹುಣಸೆ’ ಎನ್ನುತ್ತಾರೆ. ಅಲ್ಲಿನ ಮಠಕ್ಕೂ ದೊಡ್ಡಹುಣಸೆ ಕಲ್ಮಠವೆಂದೇ ಹೆಸರು. ವಾಸ್ತವದಲ್ಲಿ ಅವು ಹುಣಸೆಯಲ್ಲ, ಆಫ್ರಿಕದಿಂದ ಮನುಷ್ಯರು ತಂದ ಬೇವೊಬ್ಯಾಬ್ ಮರಗಳು. ಅವುಗಳ ಹಣ್ಣಿನ ತಿರುಳು ಹುಳಿ. ಹಾಗೆಯೇ ಅಮೆರಿಕ ಖಂಡದಿಂದ ಬಂದ ಮತ್ತೊಂದು ಮರಕ್ಕೆ ನಮ್ಮವರು ‘ಸೀಮೆ ಹುಣಸೆ’ ಎಂದರು. ಅಪರಿಚಿತವಾದದ್ದಕ್ಕೆ ಪರಿಚಿತವಾದದ್ದರ ಹೆಸರಿಡುವುದು ಮನುಷ್ಯರ ರೂಢಿ. ಅರಬ್ಬರು ಹುಣಸೆಯನ್ನು ಖರ್ಜೂರವೆಂದರು. ನಾವು ಆಫ್ರಿಕದ ಮರವನ್ನು ಹುಣಸೆ ಎಂದೆವು. ಹಾಗೆ ಅನ್ನುವಾಗ, ಹುಣಸೆಯೂ ಅದೇ ಖಂಡದಿಂದ ಬಂದ ಹಿರಿಯ ನೆಂಟನೆಂಬುದು ನಮಗೆ ಮರೆತೇಹೋಗಿತ್ತು.

ರೊಟ್ಟಿಯ ಜೊತೆಗಾರ

ಆಫ್ರಿಕದಿಂದ ಬಂದದ್ದು ಹುಣಸೆ ಒಂದೇ ಅಲ್ಲ. ಕೊಪ್ಪಳದ ಜನರ ಮುಖ್ಯ ಆಹಾರವಾದ ಜೋಳದ ಮೂಲವೂ ಆಫ್ರಿಕ; ಸಜ್ಜೆ, ರಾಗಿಗಳ ಮೂಲವೂ ಅದೇ. ತುಂಗಭದ್ರೆಯ ದಡದಲ್ಲಿಯೇ, ಕೊಪ್ಪಳಕ್ಕಿಂತ ಮೇಲೆ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕ್ರಿ.ಪೂ. ಎರಡನೆಯ ಸಹಸ್ರಮಾನದ ಸಜ್ಜೆಯ ಕಾಳುಗಳು ಉತ್ಖನನದಲ್ಲಿ ದೊರಕಿವೆ. ಯಾವ ರಾಜನೂ ದಂಡೆತ್ತಿ ಹೋಗಿ ಈ ಬೀಜಗಳನ್ನು ತರಲಿಲ್ಲ. ನಾವಿಕರು, ದನಗಾಹಿಗಳು, ರೈತರು ಕೈಯಿಂದ ಕೈಗೆ ದಾಟಿಸಿದ ಸಂಪತ್ತು ಇದು. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಇಂದಿಗೂ ಹಳ್ಳಿಹಳ್ಳಿಗಳಿಂದ ರೊಟ್ಟಿ ಬರುತ್ತದೆ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಹುಂಚಿ ತೊಕ್ಕು ಇಟ್ಟುಕೊಂಡು ಉಣ್ಣುವಾಗ, ಎರಡೂ ಸಮುದ್ರ ದಾಟಿ ಬಂದು ನಮ್ಮ ನೆಲದಲ್ಲಿ ಬೇರುಬಿಟ್ಟವು ಎಂಬುದನ್ನು ಒಮ್ಮೆ ನೆನೆಯಬೇಕು.

ಇನ್ನೊಂದು ಮಾತು. ಮೆಣಸಿನಕಾಯಿ, ಟೊಮೆಟೊಗಳು ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ, ಎಂದರೆ ಹದಿನಾರನೆಯ ಶತಮಾನದಿಂದ ಈಚೆಗೆ ನಮಗೆ ಬಂದವು. ನಮ್ಮ ಸಾರಿನಲ್ಲಿ ಮೆಣಸಿನಕಾಯಿಯ ಖಾರಕ್ಕಿಂತ ಹುಣಸೆಯ ಹುಳಿ ಬಹಳ ಹಳೆಯದು. ಅದೇ ಕಾಲದಲ್ಲಿ ಹುಣಸೆ ಎದುರು ದಿಕ್ಕಿನಲ್ಲಿ ಪಯಣಿಸಿ ಮೆಕ್ಸಿಕೊ ಮತ್ತು ಕೆರಿಬಿಯನ್ ದ್ವೀಪಗಳನ್ನು ಮುಟ್ಟಿತು. ನಮ್ಮ ಮಕ್ಕಳು ಹುಣಸೆ, ಬೆಲ್ಲ, ಉಪ್ಪು, ಜೀರಿಗೆ ಕುಟ್ಟಿ ಕಡ್ಡಿಗೆ ಚುಚ್ಚಿ ಚಿಗಳಿ ಚೀಪುವಂತೆ, ಮೆಕ್ಸಿಕೊದ ಮಕ್ಕಳು ಇಂದು ಮೆಣಸಿನಪುಡಿ ಬೆರೆಸಿದ ಹುಣಸೆಯ ಮಿಠಾಯಿ ತಿನ್ನುತ್ತಾರೆ.

ಅಶೋಕನ ಪಟ್ಟಿಯಲ್ಲಿ ಇಲ್ಲದ ಮರ

ದಾರಿಯ ಬದಿಯಲ್ಲಿ ಮರ ನೆಡಿಸಿದ ಕೀರ್ತಿ ಅಶೋಕನಿಗೆ ಸಲ್ಲುತ್ತದೆ ಎಂದು ನಾವು ಪ್ರಾಥಮಿಕ ಶಾಲೆಯಿಂದಲೂ ಓದುತ್ತೇವೆ. ಅವನ ಶಾಸನ ಹೇಳುವುದೇನು? ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದೆನೆಂದೂ ಮಾವಿನ ತೋಪುಗಳನ್ನು ಬೆಳೆಸಿದೆನೆಂದೂ ಅವನು ಹೇಳಿಕೊಂಡಿದ್ದಾನೆ. ಅಲ್ಲಿ ಹುಣಸೆಯ ಹೆಸರಿಲ್ಲ. ಕೊಪ್ಪಳದ ಎರಡು ಶಾಸನಗಳಲ್ಲಿಯಂತೂ ಮರಗಳ ಪ್ರಸ್ತಾಪವೇ ಇಲ್ಲ. ಅವು ಧರ್ಮದಲ್ಲಿ ಉತ್ಸಾಹದಿಂದ ತೊಡಗಬೇಕೆಂಬುದನ್ನು ಕುರಿತವು.

ಆದರೆ ದಖ್ಖನಿನ ಒಣ ಸೀಮೆಯಲ್ಲಿ ದಾರಿಯ ಮರವಾಗಿ ಹುಣಸೆಯೂ ನಿಂತಿತು. ಇದಕ್ಕೆ ಕಾರಣವನ್ನು ನೆಲವೇ ಹೇಳುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಆಳಕ್ಕೆ ಬೇರಿಳಿಸುವ ಹುಣಸೆ ಬರವನ್ನು ತಡೆಯುತ್ತದೆ. ಅದರ ಕೊಂಬೆಗಳು ಗಾಳಿಗೆ ಬಾಗುತ್ತವೆ, ಸುಲಭವಾಗಿ ಮುರಿಯುವುದಿಲ್ಲ. ಬಿರುಬೇಸಿಗೆಯಲ್ಲಿಯೂ ಅದು ಪೂರ್ತಿ ಬೋಳಾಗುವುದು ಅಪರೂಪ. ನೆರಳಿನ ಜೊತೆಗೆ ಮಾರಾಟವಾಗುವ ಫಲವೂ ಉಂಟು. ಊರಿನವರಿಗೆ ಆದಾಯ, ದಾರಿಹೋಕರಿಗೆ ನೆರಳು, ಎರಡನ್ನೂ ಒಟ್ಟಿಗೆ ಕೊಡುವ ಮರ ಬೇರೆ ಎಷ್ಟಿವೆ? ಹುಣಸೂರು, ಹುಣಸಗಿಯಂಥ ಊರ ಹೆಸರುಗಳಲ್ಲಿ ಕೇಳುವುದೂ ಈ ಮರದ ಹೆಸರೇ.

ಮರದ ಕಟ್ಟಿಗೆಗೂ ಬೆಲೆಯಿತ್ತು. ಹುಣಸೆಯ ಒಳತಿರುಳು ಬಹಳ ಗಟ್ಟಿ. ಒರಳು, ಒನಕೆ, ಕೊಡತಿ, ಎಣ್ಣೆಯ ಗಾಣ, ಬಂಡಿಯ ಗಾಲಿಯ ಭಾಗಗಳಿಗೆ ಅದು ಬೇಕಾಗಿತ್ತು. ಅದರ ಇದ್ದಿಲನ್ನು ಮದ್ದಿನ ಪುಡಿ ತಯಾರಿಸಲು ಬಳಸುತ್ತಿದ್ದರು. ಉರಿದಾಗ ಹೆಚ್ಚು ಕಾವು ಕೊಡುವುದರಿಂದ ಇಟ್ಟಿಗೆಯ ಗೂಡುಗಳಿಗೂ ಅದು ಪ್ರಿಯವಾದ ಸೌದೆ. ಈ ಕೊನೆಯ ಗುಣವೇ ಮರಕ್ಕೆ ಮುಳುವಾದದ್ದನ್ನು ಮುಂದೆ ನೋಡುವೆವು.

ಬೀಜದೊಳಗಿನ ವಿದ್ಯೆ

ಹಣ್ಣಿನಿಂದ ಬೇರ್ಪಡಿಸಿದ ಬೀಜವನ್ನು ಮನೆಯಲ್ಲಿ ಎಷ್ಟೋ ಸಲ ಕಸದೊಡನೆ ಎಸೆಯುತ್ತೇವೆ. ಅದೇ ಬೀಜ ಕೊಪ್ಪಳದ ಒಂದು ಕಲೆಗೆ ಆಧಾರ. ಕೊಪ್ಪಳಕ್ಕೆ ಹತ್ತಿರದ ಕಿನ್ನಾಳ ಗ್ರಾಮದ ಚಿತ್ರಗಾರರ ಬಣ್ಣದ ಬೊಂಬೆಗಳ ಬಗ್ಗೆ ನೀವು ಕೇಳಿರಬೇಕು. ದೇವತಾಮೂರ್ತಿಗಳು, ಪ್ರಾಣಿಪಕ್ಷಿಗಳು, ಗೌರಿಯ ಬೊಂಬೆಗಳು ಅಲ್ಲಿ ತಯಾರಾಗುತ್ತವೆ. ಈ ಕಲೆಗೆ ವಿಜಯನಗರದ ಅರಸರು ಆಶ್ರಯವಿತ್ತರೆಂದೂ, ಹಂಪೆಯ ಪಂಪಾಪತಿ ದೇವಾಲಯದ ಛಾವಣಿಯ ಚಿತ್ರಗಳು ಇವರ ಪೂರ್ವಿಕರ ಕೈಕೆಲಸವೆಂದೂ ಪರಂಪರೆ ಹೇಳುತ್ತದೆ.

ಕಿನ್ನಾಳದ ಬೊಂಬೆ ಬರಿಯ ಮರದ ಕೆತ್ತನೆಯಲ್ಲ. ಹಗುರವಾದ ಮರದ ತುಂಡುಗಳನ್ನು ಕೆತ್ತಿ ಜೋಡಿಸಬೇಕು. ಜೋಡಿಸುವ ಅಂಟು ಹುಣಸೆ ಬೀಜದ್ದು. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿಮಾಡಿ, ಅದಕ್ಕೆ ಮರದ ಹೊಟ್ಟನ್ನೂ ಹುಣಸೆ ಬೀಜದ ಸರಿಯನ್ನೂ ಕಲಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಮೂರ್ತಿಯ ಆಭರಣ, ಅಂಚು, ಉಬ್ಬುಗಳು ಈ ಬಗೆಯ ಲೇಪಗಳಿಂದ ಮೈದಾಳುತ್ತವೆ. ಬಳಿಕ ಬಟ್ಟೆಯ ತುಂಡುಗಳನ್ನು ಅಂಟಿಸಿ, ಬಿಳಿಯ ಲೇಪ ಕೊಟ್ಟು, ಕೊನೆಗೆ ಬಣ್ಣ ಹಚ್ಚುತ್ತಾರೆ. ಬೊಂಬೆಯ ಮುಖದ ಕಾಂತಿಯನ್ನು ಎಲ್ಲರೂ ಹೊಗಳುತ್ತಾರೆ. ಆ ಕಾಂತಿಯ ಅಡಿಯಲ್ಲಿ ಮೈಯನ್ನು ಬಿಗಿಹಿಡಿದ ಹುಂಚಿ ಬೀಜ ಯಾರಿಗೂ ಕಾಣದು.

ಕಂಬಳಿ ನೇಯುವ ಕುರುಬರಿಗೂ ಈ ಬೀಜದ ಗುಣ ತಿಳಿದಿತ್ತು. ಹುಣಸೆ ಬೀಜವನ್ನು ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಉಣ್ಣೆಯ ಹಾಸಿಗೆ ಸವರಿದರೆ ನೂಲಿನ ಜುಂಗು ಅಡಗಿ, ಅದು ಬಿಗಿಯಾಗಿ ಮಗ್ಗದ ಎಳೆತವನ್ನು ತಡೆಯುತ್ತದೆ. 1942ರಲ್ಲಿ ಟಿ.ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು, ಸಿಪ್ಪೆ ತೆಗೆದ ಹುಣಸೆ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾಲು ನೀರಿನಲ್ಲಿ ಕಲಸಿದಾಗ ಮಂದವಾಗಿ ಹೆಪ್ಪುಗಟ್ಟುವ ಪದಾರ್ಥವಿದೆಯೆಂದು ಪ್ರಕಟಿಸಿದರು. ಮುಂದೆ ಬೀಜದ ಪುಡಿ ಹತ್ತಿ ಮತ್ತು ಸೆಣಬಿನ ಗಿರಣಿಗಳಲ್ಲಿ ನೂಲಿಗೆ ಗಂಜಿಯಾಗಿ ಬಳಕೆಗೆ ಬಂದಿತು. ಪ್ರಯೋಗಶಾಲೆ ಕಂಡುಹಿಡಿದದ್ದು ಅದರ ರಸಾಯನಶಾಸ್ತ್ರವನ್ನು. ಅದರ ಉಪಯೋಗವನ್ನು ಕಿನ್ನಾಳದ ಚಿತ್ರಗಾರರೂ ಕಂಬಳಿಯ ಕುರುಬರೂ ಅದಕ್ಕೆ ಮೊದಲೇ ಬಲ್ಲವರಾಗಿದ್ದರು.

ಮಕ್ಕಳೂ ಈ ಬೀಜವನ್ನು ಬಿಟ್ಟವರಲ್ಲ. ಬೀಜವನ್ನು ಎರಡು ಹೋಳು ಮಾಡಿದರೆ ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳಿ. ಅವೇ ದಾಳಗಳು. ಹಂಪೆ, ಆನೆಗೊಂದಿಗಳ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಈಗಲೂ ನೋಡಬಹುದು. ಅರಮನೆಯವರು ಯಾವ ದಾಳದಿಂದ ಆಡುತ್ತಿದ್ದರೋ, ಹಳ್ಳಿಯ ಚೌಕಾಬಾರಕ್ಕೆ ಮಾತ್ರ ಕವಡೆ ಇಲ್ಲದಿದ್ದರೆ ಹುಂಚಿ ಬೀಜವೇ ಗತಿ.

ಬರಗಾಲದ ಅನ್ನ

ಈ ಬೀಜಕ್ಕೆ ಕಹಿಯಾದ ಇನ್ನೊಂದು ಅಧ್ಯಾಯವೂ ಉಂಟು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಘೋರ ಕ್ಷಾಮವನ್ನು ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. ಮದ್ರಾಸ್ ಪ್ರಾಂತ, ಮುಂಬಯಿ ಪ್ರಾಂತ, ಮೈಸೂರು, ಹೈದರಾಬಾದ್ ಸಂಸ್ಥಾನಗಳೆಲ್ಲ ಅದಕ್ಕೆ ತುತ್ತಾದವು. ಮೈಸೂರು ಸಂಸ್ಥಾನ ಒಂದರಲ್ಲಿಯೇ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೊಪ್ಪಳ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿನ ಸೀಮೆ.

ಬರಗಾಲದಲ್ಲಿ ಭಾರತದ ಬಡವರು ತಿಂದು ಬದುಕಿದ ಪದಾರ್ಥಗಳ ಪಟ್ಟಿಗಳಲ್ಲಿ ಹುಣಸೆ ಬೀಜವೂ ಸೇರಿದೆ. ಬೀಜವನ್ನು ಹುರಿದು, ಗಟ್ಟಿಸಿಪ್ಪೆ ಬಿಡಿಸಿ, ನೆನೆಸಿ ಬೇಯಿಸುವುದು, ಇಲ್ಲವೆ ಬೀಸಿ ಹಿಟ್ಟು ಮಾಡಿ ಅಂಬಲಿ ಕಾಯಿಸುವುದು ರೂಢಿಯಲ್ಲಿತ್ತು. ಹುಣಸೆಯ ಚಿಗುರನ್ನೂ ಹೂವನ್ನೂ ಪಲ್ಲೆ ಮಾಡಿ ತಿನ್ನುತ್ತಿದ್ದರು. ಬೆಳೆ ಹೋದ ವರ್ಷವೂ ನಿಂತಿರುವ ಮರ ಒಂದು ಕುಟುಂಬಕ್ಕೆ ಏನಾಗಿತ್ತು ಎಂಬುದನ್ನು ಇದರಿಂದ ಊಹಿಸಬಹುದು. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರುಗಳು ಉಳಿದಿವೆ. ಹುಣಸೆ ಬೀಜ ಬೇಯಿಸಿ ಮಕ್ಕಳನ್ನು ಉಳಿಸಿಕೊಂಡ ತಾಯಂದಿರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ದೆವ್ವದ ಮರವೆ?

ಇಷ್ಟು ಉಪಕಾರಿಯಾದ ಮರದ ಮೇಲೆ ಒಂದು ಅಪವಾದವೂ ಇದೆ. ಹುಣಸೆ ಮರದಲ್ಲಿ ದೆವ್ವ ಇರುತ್ತದೆ, ರಾತ್ರಿ ಅದರ ಕೆಳಗೆ ಮಲಗಬಾರದು ಎನ್ನುತ್ತಾರೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಹುಣಸೆಯ ಕೆಳಗೆ ಹುಲ್ಲು, ಗಿಡಗಳು ಚೆನ್ನಾಗಿ ಬೆಳೆಯುವುದಿಲ್ಲ. ದಟ್ಟ ನೆರಳು ಒಂದು ಕಾರಣ. ಹುಣಸೆ ಎಲೆಯ ರಸ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆಂದು ಪ್ರಯೋಗಗಳೂ ತೋರಿಸಿವೆ. ಸಂಜೆಯಾದೊಡನೆ ಅದರ ಎಲೆಗಳು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಬೋಳು ನೆಲ, ಕತ್ತಲ ಕೊಂಬೆ, ಮುಚ್ಚಿದ ಎಲೆ ಇವೆಲ್ಲ ಸೇರಿ ಜನರ ಕಲ್ಪನೆಗೆ ಇಂಬುಕೊಟ್ಟಿರಬೇಕು.

ಇದೇ ಮರ ಬೇರೊಂದು ಕಡೆ ಪೂಜೆಗೂ ಪಾತ್ರವಾಗಿದೆ. ತಮಿಳುನಾಡಿನ ಆಳ್ವಾರ್ ತಿರುನಗರಿಯಲ್ಲಿ ನಮ್ಮಾಳ್ವಾರರು ಹುಣಸೆಯ ಪೊಟರೆಯಲ್ಲಿ ಯೋಗಸ್ಥರಾಗಿದ್ದರೆಂಬ ನಂಬಿಕೆಯಿದೆ. ಆ ಮರವನ್ನು ‘ನಿದ್ರಿಸದ ಹುಣಸೆ’ ಎನ್ನುತ್ತಾರೆ. ಉತ್ತರ ಪ್ರದೇಶದ ಫತೇಪುರ ಜಿಲ್ಲೆಯ ‘ಬಾವನೀ ಇಮಲಿ’ ಎಂಬ ಹುಣಸೆ ಮರ ಸ್ವಾತಂತ್ರ್ಯ ಹೋರಾಟದ ಸ್ಮಾರಕ. 1858ರ ಏಪ್ರಿಲ್ 28ರಂದು ಬ್ರಿಟಿಷರು ಜೋಧಾಸಿಂಗ್ ಅಟೈಯಾ ಮತ್ತು ಅವರ 51 ಸಂಗಡಿಗರನ್ನು ಆ ಮರದಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದರು. ಮರದ ಮೇಲೆ ದೆವ್ವವನ್ನು ಕಾಣುವುದೋ ಹುತಾತ್ಮರನ್ನು ಕಾಣುವುದೋ, ಅದು ನೋಡುವವರ ಕಣ್ಣಿಗೆ ಬಿಟ್ಟದ್ದು.

ಇಂದು ಉಳಿದಿರುವುದೆಷ್ಟು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಈ ಮರದ ಭವಿಷ್ಯವೇನು? ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಡಲು ಆರಂಭಿಸಿದ ಮೇಲೆ ಗಂಗಾವತಿಯ ಭಾಗ ಭತ್ತದ ಕಣಜವಾಯಿತು. ಅದು ಜನರಿಗೆ ಅನ್ನ ಕೊಟ್ಟ ಯೋಜನೆ. ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಬಿಸಿಲು ಬೇಡುವ ಭತ್ತದ ಗದ್ದೆಗೆ ಬದುವಿನ ದೊಡ್ಡ ಮರದ ನೆರಳು ಆಗದು. ಹೆದ್ದಾರಿಗಳು ಅಗಲವಾದಂತೆ ಸಾಲುಮರಗಳಿಗೆ ಕೊಡಲಿ ಬೀಳುತ್ತದೆ. ಇಟ್ಟಿಗೆಯ ಗೂಡುಗಳು ಕಟ್ಟಿಗೆಯನ್ನು ಕೇಳುತ್ತವೆ. ಬೀಜದಿಂದ ಬೆಳೆದ ಹುಣಸೆ ಫಲಕ್ಕೆ ಬರಲು ಏಳೆಂಟು ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಂದ ಮೇಲೆ ನೂರು ವರ್ಷ ದಾಟಿ ಫಲ ಕೊಡುತ್ತದೆ. ಅವಸರದ ಕಾಲಕ್ಕೆ ಈ ಲೆಕ್ಕ ಹಿಡಿಸುವುದಿಲ್ಲ. ಕಡಿದ ಹುಣಸೆಯ ಜಾಗದಲ್ಲಿ ಬೇಗ ಬೆಳೆಯುವ ಅಲಂಕಾರದ ಗಿಡವನ್ನು ನೆಟ್ಟು ಲೆಕ್ಕ ಸರಿಮಾಡುತ್ತೇವೆ.

ಕಾನೂನುಗಳು ಇಲ್ಲವೆಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಪುರಾತನ ಹುಣಸೆ ತೋಪು ಇದೆ. ಸುಮಾರು 300 ಮರಗಳಿರುವ ಆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿಯೇ ಅಂಥ ಮನ್ನಣೆ ಪಡೆದ ಮೊದಲ ತಾಣ ಅದು. ಒಂದು ಅರಮನೆಯೋ ಕೋಟೆಯೋ ಅಲ್ಲ, ಹುಣಸೆಯ ತೋಪು ಪರಂಪರೆ ಎನಿಸಿಕೊಂಡದ್ದು ಮಹತ್ವದ ಸಂಗತಿ. ಸವಣೂರಿನ ದೊಡ್ಡ ಹುಣಸೆಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಯಂತ್ರಗಳನ್ನು ತಂದು ಅದನ್ನು ಎತ್ತಿ ಮತ್ತೆ ನೆಡಲಾಯಿತು. ಅಪರೂಪದ ಮರಕ್ಕೆ ಸಿಕ್ಕ ಈ ಮಮತೆ ನಮ್ಮ ಊರಬಾಗಿಲಿನ ಸಾಮಾನ್ಯ ಹುಣಸೆಗೆ ಸಿಗುತ್ತಿಲ್ಲ. ಎಲ್ಲೆಲ್ಲಿಯೂ ಇರುವುದರಿಂದಲೇ ಅದು ಎಲ್ಲರ ಕಣ್ಣು ತಪ್ಪಿಸಿಕೊಂಡಿದೆ.

ಮರದೊಂದಿಗೆ ಬದುಕೂ ಬೆಸೆದಿದೆ. ಸುಗ್ಗಿಯಲ್ಲಿ ಎತ್ತರದ ಕೊಂಬೆ ಹತ್ತಿ ಹಣ್ಣು ಬಡಿಯುವವರು ಪ್ರಾಣವನ್ನು ಒತ್ತೆಯಿಟ್ಟು ದುಡಿಯುತ್ತಾರೆ. ಉದುರಿದ ಹಣ್ಣನ್ನು ಆರಿಸಿ, ಓಡು ಬಿಡಿಸಿ, ನಾರು ತೆಗೆದು, ಕುಟ್ಟಿ ಬೀಜ ಬೇರ್ಪಡಿಸುವ ಕೆಲಸ ಬಹುಪಾಲು ಹೆಂಗಸರದು. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ತಿಂಗಳುಗಳಲ್ಲಿ ಈ ಕೂಲಿ ಮನೆಯ ಖರ್ಚಿಗೆ ಆಸರೆ. 2019ರ ಅಕ್ಟೋಬರ್‌ನಿಂದ ಒಣ ಹುಣಸೆಹಣ್ಣಿನ ಮೇಲಿನ ಶೇಕಡ 5ರ ಸರಕು ಮತ್ತು ಸೇವಾ ತೆರಿಗೆಯನ್ನು ತೆಗೆದುಹಾಕಿದ್ದು ಈ ವ್ಯಾಪಾರಕ್ಕೆ ದೊರೆತ ಒಂದು ಸಣ್ಣ ನೆರವು.

ವಿದ್ಯಾರ್ಥಿ ಮಿತ್ರರೇ, ಹುಣಸೆ ನಮ್ಮದೋ ಹೊರಗಿನದೋ ಎಂಬ ಪ್ರಶ್ನೆಗೆ ಈಗ ನೀವೇ ಉತ್ತರ ಹೇಳಬಲ್ಲಿರಿ. ಅದು ಹೊರಗಿನಿಂದ ಬಂದದ್ದು ನಿಜ. ನಮ್ಮ ಭಾಷೆಯಲ್ಲಿ ಹೆಸರು ಪಡೆದು, ನಮ್ಮ ರೊಟ್ಟಿಗೆ ಜೊತೆಯಾಗಿ, ಬೊಂಬೆಯೊಳಗೆ ಅಂಟಾಗಿ, ಕಂಬಳಿಗೆ ಗಂಜಿಯಾಗಿ, ಬರದಲ್ಲಿ ಅಂಬಲಿಯಾಗಿ ಅದು ನಮ್ಮದಾದದ್ದೂ ಅಷ್ಟೇ ನಿಜ. ಒಂದು ನಾಡಿನ ಸಂಸ್ಕೃತಿ ಬೆಳೆಯುವ ಕ್ರಮವೇ ಹೀಗೆ.

ಕೊನೆಯದಾಗಿ ಒಂದು ಕೆಲಸ. ನಿಮ್ಮ ಊರಿನ ಅತಿ ಹಳೆಯ ಹುಣಸೆ ಮರ ಯಾವುದು ಎಂದು ಹಿರಿಯರನ್ನು ಕೇಳಿರಿ. ಎದೆಯ ಎತ್ತರದಲ್ಲಿ ಹಗ್ಗ ಸುತ್ತಿ ಅದರ ಸುತ್ತಳತೆಯನ್ನು ಬರೆದುಕೊಳ್ಳಿರಿ. ಅದನ್ನು ನೆಟ್ಟವರು ಯಾರು, ಹಣ್ಣು ಯಾರಿಗೆ ಸೇರುತ್ತದೆ, ಅದರ ಕೆಳಗೆ ಏನೇನು ನಡೆಯಿತು ಎಂದು ವಿಚಾರಿಸಿರಿ. ಕಲ್ಲಿನ ಶಾಸನವನ್ನು ಓದಲು ತಜ್ಞರು ಬೇಕು. ಮರದ ಚರಿತ್ರೆಯನ್ನು ಹೇಳಬಲ್ಲವರು ನಿಮ್ಮ ಮನೆಯ ಕಟ್ಟೆಯ ಮೇಲೆಯೇ ಕುಳಿತಿದ್ದಾರೆ. ಅವರು ಇರುವಾಗಲೇ, ಮರವೂ ಇರುವಾಗಲೇ, ಅದನ್ನು ಬರೆದಿಡುವುದು ಇತಿಹಾಸದ ವಿದ್ಯಾರ್ಥಿಗಳಾದ ನಿಮ್ಮ ಹೊಣೆ.